ರೈಲು ನೋಡೋದು, ಹಳೇ ಹಾಡು ಕೇಳೋದು ದಂಡವೇ?

ಕೊರೋನಾ ರಜೆಯಲ್ಲಿ ಮಕ್ಕಳು ಏನೂ ಕಲಿಯಲಿಲ್ಲ, ಕಾಲವೆಲ್ಲ ದಂಡವಾಯಿತು ಎಂದು ಮೊನ್ನೆ ಚರ್ಚಾಕೂಟದಲ್ಲಿ ಒಬ್ಬರು ಹೇಳಿದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ತಟ್ಟಲಿಲ್ಲ. ಪಾಠ ಹಿಂದೆ ಬಿದ್ದದ್ದು ನಿಜ, ಅದಕ್ಕೆ ವಾದವಿಲ್ಲ. ಆದರೆ ಪಾಠವಿಲ್ಲದ ಹೊತ್ತೆಲ್ಲ ದಂಡ ಅನ್ನೋ ಮಾತು ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳ್ತೀನಿ, ಓದಿದ ಮೇಲೆ ಬೇಕಾದರೆ ಬೈಯಿರಿ.

2020ರ ಮಾರ್ಚ್‌ನಲ್ಲಿ ನಾನು ಬೆಂಗಳೂರಿನ ಬಾಪೂಜಿ ನಗರದಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದೆ. ಆಗ ನಾಲ್ಕನೇ ಕ್ಲಾಸು. ಲಾಕ್‌ಡೌನ್ ಆಗಿ ಊರಿಗೆ ಬರೋಕೆ ಆಗಲಿಲ್ಲ. ಏಪ್ರಿಲ್‌ನಲ್ಲಿ ಬಾಪೂಜಿ ನಗರ, ಪಾದರಾಯನಪುರ ಎರಡೂ ವಾರ್ಡುಗಳನ್ನು ಪೂರ್ತಿ ಸೀಲ್‌ಡೌನ್ ಮಾಡಿದರು. ಗೇಟು ದಾಟುವ ಹಾಗಿರಲಿಲ್ಲ. ನಮಗೆ ಉಳಿದದ್ದು ತಾರಸಿ ಒಂದೇ.

ತಾರಸಿಯಿಂದ ಮೈಸೂರು ರೈಲು ದಾರಿ ಕಾಣುತ್ತಿತ್ತು. 1882ರಲ್ಲಿ ಮೈಸೂರು ಮುಟ್ಟಿದ ದಾರಿ ಅದು. ಜನರನ್ನು ಒಯ್ಯುವ ರೈಲೆಲ್ಲ ನಿಂತಿದ್ದವು, ಗೂಡ್ಸ್ ಮಾತ್ರ ಬರುತ್ತಿತ್ತು. ಮೈಸೂರು ರಸ್ತೆಯಲ್ಲಿ ಬಸ್ಸು ಲಾರಿ ಸದ್ದಿಲ್ಲದ್ದರಿಂದ ಅದರ ಕೂಗು ಬಲು ದೂರದಿಂದಲೇ ಕೇಳೋದು. ನಾನು ಓಡಿಹೋಗಿ ಡಬ್ಬಿ ಎಣಿಸುತ್ತಿದ್ದೆ. ಒಂದು ಸಲ 42 ಮುಚ್ಚಿದ ಡಬ್ಬಿ, ಕೊನೆಗೆ ಗಾರ್ಡಿನದು. ಅದರಲ್ಲಿ ಏನಿರುತ್ತೆ ಅಂತ ಕೇಳಿದ್ದಕ್ಕೆ ದೊಡ್ಡಪ್ಪ, "ಅಕ್ಕಿ ಇರಬಹುದು ಕಣೋ" ಅಂದರು. ಆ ಏಪ್ರಿಲ್‌ನಿಂದ ಸರ್ಕಾರ ರೇಷನ್ ಕಾರ್ಡಿನವರಿಗೆ ತಲೆಗೆ 5 ಕೆಜಿ ಧಾನ್ಯ ಬಿಟ್ಟಿಯಾಗಿ ಕೊಡುತ್ತಿತ್ತು. ಊರೆಲ್ಲ ಬಾಗಿಲು ಹಾಕಿದಾಗಲೂ ದೇಶ ಉಣ್ಣಬೇಕಲ್ಲ, ಅದಕ್ಕೆ ಯಾರೋ ಡ್ರೈವರು, ಯಾರೋ ಸಿಗ್ನಲ್‌ನವರು ದುಡಿಯುತ್ತಲೇ ಇರಬೇಕು. ಇದು ನಮ್ಮ ಸಮಾಜ ವಿಜ್ಞಾನದಲ್ಲಿ ಇಲ್ಲವೇ? ನನಗೆ ತಾರಸಿ ಮೇಲೇ ಗೊತ್ತಾಯಿತು.

ಇಷ್ಟು ಹೇಳಿ ಸುಮ್ಮನಾಗಬಾರದು. ಮೇ 8ರಂದು ಮಹಾರಾಷ್ಟ್ರದ ಔರಂಗಾಬಾದ್ ಹತ್ತಿರ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದ ಬಳಿ, ನಡೆದು ನಡೆದು ಸುಸ್ತಾಗಿ ಹಳಿ ಮೇಲೆ ಮಲಗಿದ್ದ 16 ಜನ ಕೂಲಿಗಳು ಗೂಡ್ಸ್ ರೈಲಿಗೆ ಸಿಕ್ಕಿ ಸತ್ತರು. ಮಧ್ಯಪ್ರದೇಶದ ತಮ್ಮ ಊರಿಗೆ ಹೊರಟವರು. ಆ ಸುದ್ದಿ ಬಂದ ದಿನ ನಾನು ಡಬ್ಬಿ ಎಣಿಸಲಿಲ್ಲ. ನಮಗೆ ತಾರಸಿ ಇತ್ತು, ಅನ್ನ ಇತ್ತು, ಅದಕ್ಕೇ ರೈಲು ಚೆಂದ ಕಂಡಿತು. ಹಾಗಂತ ಚೆಂದ ಕಂಡದ್ದು ಸುಳ್ಳೇ? ಎರಡೂ ನಿಜ ಅಂತ ನನ್ನ ಅಭಿಪ್ರಾಯ.

ಇನ್ನು ಹಾಡು. ದೊಡ್ಡಪ್ಪನ ರೇಡಿಯೋ ಬೆಳಗಿನಿಂದ ವಿವಿಧಭಾರತಿ ಹಾಡುತ್ತಿತ್ತು. ಮೊದಮೊದಲು ನನಗೂ ಬೇಜಾರು. ಬೇರೆ ಕೆಲಸವಿಲ್ಲದೆ ಕೇಳಿ ಕೇಳಿ ಕಿವಿ ಪಳಗಿತು. ಪಿ.ಬಿ. ಶ್ರೀನಿವಾಸ್ ದನಿ ಯಾವುದು, 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆ ರಾಜಕುಮಾರ್ ತಾವೇ ಹಾಡಿದ್ದು ಯಾವುದು, ಗೊತ್ತಾಗತೊಡಗಿತು. ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಎಸ್. ಜಾನಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಕೂಡ ಆಂಧ್ರದಲ್ಲಿ ಹುಟ್ಟಿದವರು. ಅವರ ಬಾಯಲ್ಲಿ ಳಕಾರ, ಹಕಾರ ಎಷ್ಟು ಸ್ಪಷ್ಟ! ನಮ್ಮ ಕ್ಲಾಸಲ್ಲಿ 'ಹಾಲು'ಗೆ 'ಆಲು' ಅನ್ನೋರು (ಹೆಸರು ಬೇಡ) ಕೇಳಬೇಕು. ಪಲ್ಲವಿ ಮುಗಿದು ಚರಣ ಶುರುವಾಗೋ ಹೊತ್ತಿಗೆ ಗೂಡ್ಸ್ ಗಾಡಿ ದಾಟಿ ಹೋಗೋದು, ಆಮೇಲೂ ಹಾಡು ಉಳಿದಿರೋದು.

ಅದೇ ವರ್ಷ ಸೆಪ್ಟೆಂಬರ್ 25ರಂದು ಎಸ್.ಪಿ.ಬಿ. ಹೋದರು. ಅಕ್ಟೋಬರ್‌ನಲ್ಲಿ ರಾಜನ್-ನಾಗೇಂದ್ರ ಜೋಡಿಯ ರಾಜನ್ ಅವರೂ ಹೋದರು. ಆರು ತಿಂಗಳ ಹಿಂದೆ ಆಗಿದ್ದರೆ ನನಗೆ ಅವರು ಯಾರೋ ಏನೋ. ಆ ಹೊತ್ತಿಗೆ ಮನೆಯವರೇ ಹೋದ ಹಾಗಾಯಿತು.

ಗುರುಗಳಲ್ಲಿ ಒಂದು ವಿನಂತಿ. ಆಫೀಸು ಕೋಣೆಯ ಬೀರು ಮೇಲೆ ಒಂದು ರೇಡಿಯೋ ಧೂಳು ಹಿಡಿದು ಕೂತಿದೆ. ಮಧ್ಯಾಹ್ನ ಊಟದ ಹೊತ್ತು ಅರ್ಧ ಗಂಟೆ ಹಾಕಲು ಅಪ್ಪಣೆ ಕೊಡಿ. ಸೆಲ್ಲು ನಾವೇ ತರುತ್ತೇವೆ.