ಸೃಷ್ಟಿಯ ಕಥೆಗಳೂ ನಮ್ಮ ಮಕ್ಕಳೂ

ಕಲಬುರಗಿಯ ಯಾವುದೇ ಹಳೆಯ ಓಣಿಯಲ್ಲಿ ಬೆಳಿಗ್ಗೆ ಶಾಲೆಯ ಹೊತ್ತಿಗೆ ನಿಂತು ನೋಡಿದವರಿಗೆ ಒಂದು ಸಂಗತಿ ಕಾಣದೆ ಇರದು. ಒಂದೇ ಓಣಿಯಿಂದ ಹೊರಟ ಮಕ್ಕಳು ಓಣಿಯ ತುದಿಯಲ್ಲಿ ಬೇರೆಬೇರೆಯಾಗುತ್ತಾರೆ. ಕೆಲವರು ಕನ್ನಡ ಶಾಲೆಗೆ, ಕೆಲವರು ಉರ್ದು ಶಾಲೆಗೆ, ಕೈಯಲ್ಲಿ ಹಣವುಳ್ಳವರ ಮಕ್ಕಳು ಇಂಗ್ಲಿಷ್ ಶಾಲೆಗೆ. ಸಂಜೆ ಮರಳಿ ಬಂದು ಒಂದೇ ಬಯಲಿನಲ್ಲಿ ಚೆಂಡಾಡುವುದು ಉಂಟು. ಆದರೆ ಒಬ್ಬನ ಮನೆಯಲ್ಲಿ ಅಜ್ಜಿ ಹೇಳಿದ ಕಥೆ ಇನ್ನೊಬ್ಬನ ಕಿವಿಗೆ ಎಂದೂ ಬೀಳುವುದಿಲ್ಲ.

ನಾವೂ ಹೀಗೆಯೇ ಬೆಳೆದವರು. ಪಾಠಶಾಲೆಯ ಚಾಪೆಯ ಮೇಲೆ ಕುಳಿತು, ನಾರಾಯಣನ ನಾಭಿಕಮಲದಲ್ಲಿ ಬ್ರಹ್ಮನು ಹುಟ್ಟಿ ಲೋಕಗಳನ್ನು ಸೃಜಿಸಿದ ಕಥೆಯನ್ನು ಕೇಳಿ ಬಾಯಿಪಾಠ ಮಾಡಿದೆವು. ನೆರೆಮನೆಯ ಮುಸಲ್ಮಾನ ಗೆಳೆಯನು ಅದೇ ಪ್ರಶ್ನೆಗೆ ಬೇರೊಂದು ಉತ್ತರವನ್ನು ಕೇಳಿರಬಹುದೆಂಬ ಯೋಚನೆಯು ಮೆಟ್ರಿಕ್ ಮುಗಿಯುವವರೆಗೂ ನಮಗೆ ಬರಲಿಲ್ಲ. ಅನ್ಯರ ಧರ್ಮದ ವಿಷಯವಾಗಿ ನಾವು ಮೊದಲು ಕೇಳಿದ್ದು ಅವರ ಕಥೆಯನ್ನಲ್ಲ, ಅವರ ಮೇಲಿನ ದೂರನ್ನು. ಇದನ್ನು ನೆನೆದಾಗ ಇಂದಿಗೂ ನಮಗೆ ನಾಚಿಕೆಯಾಗುತ್ತದೆ.

‘ಇದನ್ನೆಲ್ಲ ಯಾರು ಮಾಡಿದರು?’ ಎಂದು ಕೇಳದ ಮಗುವಿಲ್ಲ. ಈ ಪ್ರಶ್ನೆಗೆ ಮಾನವಕುಲವು ಕೊಟ್ಟಿರುವ ಉತ್ತರಗಳನ್ನು, ಅವು ಯಾರ ಮನೆಯವೇ ಆಗಿರಲಿ, ಪ್ರಾಥಮಿಕ ಶಾಲೆಯಲ್ಲಿಯೇ ಕಥಾರೂಪವಾಗಿ ಮಕ್ಕಳಿಗೆ ಹೇಳತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಆ ಉತ್ತರಗಳು ಎಷ್ಟು ಬಗೆಯವೆಂಬುದನ್ನು ವಾಚಕರು ಗಮನಿಸಬೇಕು. ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತವು ಸೃಷ್ಟಿಯ ಮೂಲವನ್ನು ವಿಚಾರಿಸುತ್ತ ಹೋಗಿ, ಮೇಲಿರುವ ಅಧ್ಯಕ್ಷನಾದರೂ ಅದನ್ನು ಬಲ್ಲನೋ ಇಲ್ಲವೋ ಎಂಬ ಸಂದೇಹದಲ್ಲಿ ನಿಲ್ಲುತ್ತದೆ. ಬೈಬಲ್ಲಿನ ಆದಿಕಾಂಡವು ಆರು ದಿನಗಳ ಸೃಷ್ಟಿಯನ್ನೂ ಏಳನೆಯ ದಿನದ ವಿಶ್ರಾಂತಿಯನ್ನೂ ಹೇಳುತ್ತದೆ. ದೇವರು ‘ಆಗು’ ಎಂದರೆ ಆಗುವುದೆಂದೂ, ಆದಮನು ಮಣ್ಣಿನಿಂದ ಆದವನೆಂದೂ ಕುರಾನು ಹೇಳುತ್ತದೆ. ಬೌದ್ಧರ ಅಗ್ಗಞ್ಞ ಸುತ್ತದಲ್ಲಿ ಸೃಷ್ಟಿಕರ್ತನ ಪ್ರಸ್ತಾಪವಿಲ್ಲ. ಸ್ವಯಂಪ್ರಕಾಶದ ಜೀವಿಗಳು ಆಸೆಗೆ ಬಿದ್ದು ಕ್ರಮೇಣ ಮನುಷ್ಯರಾದ ಕಥೆಯುಂಟು. ಹಳೆ ಮೈಸೂರು ಸೀಮೆಯ ನೀಲಗಾರರು ಹಾಡುವ ಮಂಟೇಸ್ವಾಮಿಯ ಕಾವ್ಯವು ಲೋಕ ಹುಟ್ಟಿದ ಕಥೆಯಿಂದಲೇ ಆರಂಭವಾಗುತ್ತದೆ. ಇನ್ನು ಜೈನರಾದರೋ, ಲೋಕವು ಅನಾದಿ, ಅದನ್ನು ಮಾಡಿದವರು ಯಾರೂ ಇಲ್ಲ ಎನ್ನುತ್ತಾರೆ. ಈ ಮಾತನ್ನು ಸಂಸ್ಕೃತ ಆದಿಪುರಾಣದಲ್ಲಿ ವಾದಮಾಡಿ ಸಾಧಿಸಿದ ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದವರು. ರಾಷ್ಟ್ರಕೂಟ ಅಮೋಘವರ್ಷನಿಗೆ ಪೂಜ್ಯರಾಗಿದ್ದವರು. ಅವನ ರಾಜಧಾನಿಯಾದ ಮಾನ್ಯಖೇಟವು ನಮ್ಮ ಸೇಡಂ ತಾಲ್ಲೂಕಿನ ಇಂದಿನ ಮಳಖೇಡವೇ ಆಗಿದೆ.

ಇದಕ್ಕಿಂತಲೂ ಹಿರಿದಾದ ಸಾಕ್ಷಿಯೊಂದು ನಮ್ಮ ಜಿಲ್ಲೆಯಲ್ಲಿದೆ. ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ ಅಶೋಕಚಕ್ರವರ್ತಿಯ ಶಾಸನವು ಬೆಳಕಿಗೆ ಬಂದಿತು. ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಅಕ್ಷರಗಳಿದ್ದವು. ಅದರಲ್ಲಿರುವ ಶಾಸನಗಳಲ್ಲಿ ಒಂದು ಹನ್ನೆರಡನೆಯ ಬಂಡೆಶಾಸನ. ನಿಷ್ಕಾರಣವಾಗಿ ತನ್ನ ಮತವನ್ನು ಹೊಗಳಿ ಪರಮತವನ್ನು ಹಳಿಯಬಾರದು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು ಎಂಬುದು ಆ ಶಾಸನದ ತಾತ್ಪರ್ಯ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ನೆಲದ ಕಲ್ಲಿನಲ್ಲಿ ಕೊರೆದ ಮಾತನ್ನು ನಾವು ಇಂದು ಹೊರಗಿನಿಂದ ತಂದ ಹೊಸ ಪದ್ಧತಿಯೆಂದು ಶಂಕಿಸುವುದು ಹಾಸ್ಯಾಸ್ಪದವಲ್ಲವೆ?

ಆಕ್ಷೇಪಣೆಗಳು ಇಲ್ಲವೆಂದಲ್ಲ. ಎಳೆಯ ಮನಸ್ಸು ಗೊಂದಲಕ್ಕೆ ಬೀಳುವುದೆಂದು ಕೆಲವರು ಹೇಳುತ್ತಾರೆ. ಆದರೆ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಹತ್ತು ಮನೆಯಲ್ಲಿ ಹತ್ತು ವಿಧವಾಗಿ ಕೇಳಿಯೂ ಮಗುವು ಗೊಂದಲಪಡುವುದಿಲ್ಲ. ‘ನಮ್ಮಜ್ಜಿ ಬೇರೆ ಹೇಳುತ್ತಾಳೆ’ ಎಂದು ಸಂತೋಷಪಡುತ್ತದೆ. ಇದು ವಿಜ್ಞಾನಕ್ಕೆ ಬಾಧಕವೆಂದು ಬೇರೆ ಕೆಲವರು ಅಂಜುತ್ತಾರೆ. ಈ ಅಂಜಿಕೆಯಲ್ಲಿ ಸತ್ಯಾಂಶವುಂಟು. ಕಥೆಯನ್ನು ಕಥೆಯೆಂದೂ ಶಾಸ್ತ್ರವನ್ನು ಶಾಸ್ತ್ರವೆಂದೂ ಹೇಳದಿದ್ದರೆ ಕೇಡೇ ಆದೀತು. ಭೂಮಿಗೆ ಸುಮಾರು 450 ಕೋಟಿ ವರ್ಷ ವಯಸ್ಸಾಗಿದೆಯೆಂಬುದನ್ನೂ, ತಾವು ಕುಳಿತಿರುವ ಶಹಾಬಾದಿನ ಹಾಸುಗಲ್ಲು ಒಂದಾನೊಂದು ಕಾಲದಲ್ಲಿ ನೀರಿನಡಿ ಶೇಖರವಾದ ಸುಣ್ಣದ ಕೆಸರೆಂಬುದನ್ನೂ ಮಕ್ಕಳು ಅರಿಯತಕ್ಕದ್ದೇ. ಅದು ವಿಜ್ಞಾನದ ಪಾಠದಲ್ಲಿ ನಡೆಯಲಿ. ಇದು ಕಥೆಯ ಅವಧಿಯಲ್ಲಿ ನಡೆಯಲಿ.

ಮತಪ್ರಚಾರವಾಗುವುದೆಂಬ ಶಂಕೆಯು ಇವೆಲ್ಲಕ್ಕಿಂತ ಗಂಭೀರವಾದುದು. ನಮ್ಮ ಸಂವಿಧಾನದ 28ನೆಯ ಅನುಚ್ಛೇದವು, ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮತಬೋಧನೆಯು ಕೂಡದೆಂದು ವಿಧಿಸಿದೆ. ಅದು ಸರಿಯಾದ ವಿಧಿ. ಅದು ಸಡಿಲವಾಗುವುದನ್ನು ನಾವು ಒಪ್ಪುವುದಿಲ್ಲ. ಆದರೆ ಮತವನ್ನು ಬೋಧಿಸುವುದು ಬೇರೆ, ಮತಗಳ ವಿಷಯವನ್ನು ತಿಳಿಸುವುದು ಬೇರೆ. ಈ ಭೇದವನ್ನು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಅರುಣಾ ರಾಯ್ ಮೊಕದ್ದಮೆಯ ತೀರ್ಪಿನಲ್ಲಿ ಅಂಗೀಕರಿಸಿದೆ. ಒಂದೇ ಕಥೆಯನ್ನು ಹೇಳಿದರೆ ಅದು ಬೋಧನೆಯಾಗುತ್ತದೆ. ಹಲವನ್ನು ಸಮಾನ ಗೌರವದಿಂದ ಹೇಳಿದರೆ ತಿಳಿವಳಿಕೆಯಾಗುತ್ತದೆ.

ಎಲ್ಲವೂ ಕೊನೆಗೆ ಮಾಸ್ತರರ ನಾಲಿಗೆಯನ್ನು ಅವಲಂಬಿಸಿದೆ. ತನ್ನ ಕಥೆಯನ್ನು ಭಕ್ತಿಯಿಂದಲೂ ಪರರ ಕಥೆಯನ್ನು ನಗೆಯಿಂದಲೂ ಹೇಳುವ ಮಾಸ್ತರರು ಹೇಳದಿರುವುದೇ ಲೇಸು. ಆದುದರಿಂದ ಈ ಕಾರ್ಯವು ಶಾಲೆಯಲ್ಲಲ್ಲ, ಶಿಕ್ಷಕರ ತರಬೇತಿಯಲ್ಲಿ ಮೊದಲಾಗಬೇಕು. ನಮ್ಮ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯು ಕಮಲಾಪುರದಲ್ಲಿದೆ. ಕೆಂಬಾಳೆಗೆ ಹೆಸರಾದ ಆ ಊರಿನಿಂದಲೇ ಈ ಸತ್ಕಾರ್ಯವು ಆರಂಭವಾಗಲೆಂದು ನಾವು ಸೂಚಿಸುತ್ತೇವೆ. ಕನ್ನಡ ಮತ್ತು ಉರ್ದು ಶಾಲೆಗಳ ಶಿಕ್ಷಕರು ಅಲ್ಲಿ ಒಟ್ಟಿಗೆ ಕುಳಿತು ಹತ್ತು ಕಥೆಗಳನ್ನು ಆರಿಸಲಿ. ತಾಂಡಾದ ಹಿರಿಯರನ್ನೂ ಕೇಳಿ ಅವರ ಕಥೆಯನ್ನು ಬರೆದುಕೊಳ್ಳಲಿ. ಆಯಾ ಮತದ ಬಲ್ಲವರಿಗೆ ತೋರಿಸಿ ತಪ್ಪುಗಳನ್ನು ತಿದ್ದಲಿ. ಪ್ರತಿಯೊಂದು ಕಥೆಯೂ ‘ಇಂಥವರು ಹೀಗೆ ಹೇಳುತ್ತಾರೆ’ ಎಂಬ ಮಾತಿನಿಂದ ಆರಂಭವಾಗಲಿ. ಪರೀಕ್ಷೆ ಬೇಡ, ಅಂಕ ಬೇಡ. ಮಗುವನ್ನು ಕೂರಿಸಲೊಲ್ಲದ ತಂದೆತಾಯಿಗಳ ಮೇಲೆ ಬಲಾತ್ಕಾರವೂ ಬೇಡ. ಮೊದಲು ಕೆಲವೇ ಶಾಲೆಗಳಲ್ಲಿ ನಡೆಸಿ, ಫಲವನ್ನು ನೋಡಿ, ಅನಂತರ ವಿಸ್ತರಿಸಲಿ.

ಇದಕ್ಕೆ ಹೆಚ್ಚಿನ ದ್ರವ್ಯವೇನೂ ಬೇಕಾಗದು, ಬೇಕಾದುದು ಮನಸ್ಸು. ಶರಣಬಸವೇಶ್ವರರ ಜಾತ್ರೆಯಲ್ಲಿಯೂ ಬಂದೇನವಾಜರ ಉರುಸಿನಲ್ಲಿಯೂ ಒಂದೇ ಊರಿನ ಜನರು ಕಲೆತು ನಡೆಯುವುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅದು ವರ್ಷಕ್ಕೆ ಕೆಲವು ದಿನಗಳ ಮಾತು. ಉಳಿದ ದಿನಗಳಲ್ಲಿ ಓಣಿಯ ತುದಿಯಲ್ಲಿ ಬೇರೆಯಾಗುವ ಮಕ್ಕಳು, ದೊಡ್ಡವರಾದ ಮೇಲೆ ಪರಸ್ಪರರನ್ನು ಯಾವ ಮಾತಿನಿಂದ ಅರಿಯಬೇಕು? ನಾವು ಕಥೆ ಹೇಳದೆ ಬಿಟ್ಟರೆ ದೂರು ಹೇಳುವವರು ಕಾದೇ ಇದ್ದಾರೆ. ಶಿಕ್ಷಣ ಇಲಾಖೆಯ ಅಧಿಕಾರಿಗಳೂ ಊರಿನ ಮಹಾಜನರೂ ಇದನ್ನು ಬೇಗನೆ ಆಲೋಚಿಸಬೇಕೆಂದು ವಿನಯಪೂರ್ವಕವಾಗಿ ನಿವೇದಿಸುತ್ತೇವೆ.