ರಾಶಿಯೊಳಗೆ ಕೈ ಹಾಕುವವರು ಯಾರು?

2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಮತ್ತು ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವಿಫಲಗೊಂಡು ಸತ್ತರು. ಅವರನ್ನು ಕೊಂದದ್ದು ಸಾಂಕ್ರಾಮಿಕ ರೋಗವಲ್ಲ. ಶೀತ-ಕೆಮ್ಮಿಗೆಂದು ಹೆತ್ತವರೇ ಕುಡಿಸಿದ ಸಿರಪ್. ಕಾಂಚೀಪುರಂನಲ್ಲಿ ತಯಾರಾದ ‘ಕೋಲ್ಡ್ರಿಫ್’ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ. 48.6ರಷ್ಟಿತ್ತೆಂದು ತಮಿಳುನಾಡಿನ ಸರಕಾರಿ ಪ್ರಯೋಗಾಲಯ ಕಂಡುಕೊಂಡಿತು. ಮಿತಿ ಶೇ. 0.1. ಇದನ್ನು ಕಲಬೆರಕೆಯೆಂದು ಕರೆಯುವುದೂ ಸೌಜನ್ಯವೇ.

ಮಾತ್ರೆ ನುಂಗಲಾರದ ಮಗುವಿಗೆ ಔಷಧವನ್ನು ದ್ರವವಾಗಿಸಿ ಕೊಡಬೇಕಾಗುತ್ತದೆ. ಪ್ಯಾರಾಸಿಟಮಾಲ್ ನೀರಿನಲ್ಲಿ ಸುಲಭವಾಗಿ ಕರಗದು. ಅದಕ್ಕೆ ಪ್ರೊಪೈಲೀನ್ ಗ್ಲೈಕಾಲ್‌ನಂಥ ದ್ರಾವಕ ಬೇಕು. ಔಷಧ ದರ್ಜೆಯ ದ್ರಾವಕ ದುಬಾರಿ. ಕೈಗಾರಿಕಾ ದರ್ಜೆಯದು ಅಗ್ಗ, ಆದರೆ ಅದರಲ್ಲಿ ಈ ವಿಷ ಬೆರೆತಿರಬಹುದು. ವಿಷಕ್ಕೆ ಬಣ್ಣವಿಲ್ಲ, ರುಚಿಯೂ ಸಿಹಿ. ಪ್ರತಿ ಪೀಪಾಯಿಯನ್ನೂ ಪರೀಕ್ಷಿಸದೆ ಅನ್ಯ ದಾರಿಯಿಲ್ಲ.

ಇದು ಹೊಸ ಪಾಠವೇ? ಅಮೆರಿಕದಲ್ಲಿ 1937ರಲ್ಲಿ ಇದೇ ವಿಷಕ್ಕೆ ನೂರಕ್ಕೂ ಹೆಚ್ಚು ಜನ ಬಲಿಯಾದಾಗ, ಮರುವರ್ಷವೇ ಅಲ್ಲಿ ಹೊಸ ಕಾನೂನು ಬಂತು. ನಮ್ಮಲ್ಲಿ 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆ, 1998ರಲ್ಲಿ ಗುರ್‌ಗಾಂವ್, 2020ರ ಹೊತ್ತಿಗೆ ಜಮ್ಮುವಿನ ರಾಮನಗರ. 2022ರಲ್ಲಿ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗ ಸಂಶಯದ ಬೆರಳು ಭಾರತದಲ್ಲಿ ತಯಾರಾದ ಸಿರಪ್‌ಗಳತ್ತ ತಿರುಗಿತು. ಗ್ಯಾಂಬಿಯಾ ಮುಸ್ಲಿಮ್ ಬಹುಸಂಖ್ಯಾತ ದೇಶ, ಛಿಂದ್ವಾಡ ಹಾಗಲ್ಲ. ಈ ಎರಡು ದುಃಖಗಳ ನಡುವೆ ಭೇದವೆಣಿಸುವವರೊಂದಿಗೆ ನಮಗೆ ಮಾತಿಲ್ಲ.

ಆದರೆ ಸರಕಾರ ಭೇದವೆಣಿಸಿತು. 2023ರ ಜೂನ್‌ನಿಂದ ರಫ್ತಾಗುವ ಕೆಮ್ಮಿನ ಸಿರಪ್‌ಗೆ ಸರಕಾರಿ ಪ್ರಯೋಗಾಲಯದ ಪ್ರಮಾಣಪತ್ರ ಕಡ್ಡಾಯವಾಯಿತು. ಛಿಂದ್ವಾಡದ ಮಕ್ಕಳು ಸಾಯುವಾಗ ದೇಶದೊಳಗಿನ ಮಾರಾಟಕ್ಕೆ ಆ ಷರತ್ತು ಇರಲಿಲ್ಲ. ವಿದೇಶದಲ್ಲಿ ಮಾನ ಹೋದೀತೆಂಬ ಭಯ ಇತ್ತು. ಸ್ವದೇಶದಲ್ಲಿ ಮಗು ಹೋದೀತೆಂಬ ಭಯ ಇರಲಿಲ್ಲ. ಆಮೇಲೆ ಔಷಧ ಬರೆದ ವೈದ್ಯರ ಬಂಧನವಾಯಿತು, ತಯಾರಕರ ಬಂಧನವೂ ಆಯಿತು. ಪರೀಕ್ಷಿಸದೆ ಬಿಟ್ಟ ಅಧಿಕಾರವರ್ಗವನ್ನು ಅಮಾನತಿನಾಚೆ ಯಾರು ಪ್ರಶ್ನಿಸುತ್ತಾರೆ?

ಪ್ರವಾದಿ ಮುಹಮ್ಮದ್(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಅಡಿಯಲ್ಲಿದ್ದ ತೇವವನ್ನು ಕಂಡು ವ್ಯಾಪಾರಿಯನ್ನು ತರಾಟೆಗೆ ತೆಗೆದುಕೊಂಡ ಪ್ರಸಂಗ ನಮ್ಮ ಮಿಂಬರ್‌ಗಳಿಂದ ಎಷ್ಟು ಸಲ ಕೇಳಿಬಂದಿಲ್ಲ! ಅವರು ದೂರು ಬರಲೆಂದು ಕಾಯಲಿಲ್ಲ, ಮೇಲ್ಪದರ ನೋಡಿ ಮುಂದೆ ಸಾಗಲೂ ಇಲ್ಲ. ಔಷಧ ನಿಯಂತ್ರಣವೆಂದರೆ ಇದಲ್ಲದೆ ಮತ್ತೇನು?

ಎಲ್ಲದಕ್ಕೂ ಸಿರಪ್ಪೇ ಬೇಕೆಂಬುದೂ ನಿಜವಲ್ಲ. ಪುಟ್ಟ ಮಕ್ಕಳ ಸಾಮಾನ್ಯ ಕೆಮ್ಮು ಹೆಚ್ಚಾಗಿ ತಾನಾಗಿಯೇ ವಾಸಿಯಾಗುತ್ತದೆ. ಬೇಧಿಗೆ ಝಿಂಕ್, ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್ ಚಮಚ ನೀರಿನಲ್ಲಿ ಕರಗುವ ಮಾತ್ರೆಯಾಗಿ ಸಿಗುತ್ತವೆ. ಅವಕ್ಕೆ ಈ ದ್ರಾವಕಗಳ ಹಂಗಿಲ್ಲ. ಸರಕಾರಿ ಖರೀದಿಯಲ್ಲಿ ಇವುಗಳಿಗೇ ಆದ್ಯತೆ ಸಿಗಬೇಕು. ದ್ರವರೂಪವೇ ಅನಿವಾರ್ಯವಾದಲ್ಲಿ ರಫ್ತಿಗಿಟ್ಟ ಷರತ್ತು ನಮ್ಮ ಹಳ್ಳಿಯ ಅಂಗಡಿಗೂ ಅನ್ವಯವಾಗಲಿ, ಬ್ಯಾಚ್‌ವಾರು ಫಲಿತಾಂಶ ಬಹಿರಂಗವಾಗಲಿ. ನಮ್ಮ ಜಮಾಅತ್‌ಗಳ ಆರೋಗ್ಯ ಶಿಬಿರಗಳಲ್ಲಿ ಸಿರಪ್ ಉಚಿತವಾಗಿ ಹಂಚುವಾಗಲೂ ಯಾವ ಮಗುವಿಗೆ ಯಾವ ಬ್ಯಾಚಿನ ಬಾಟಲಿ ಹೋಯಿತೆಂದು ಬರೆದಿಡುವ ಒಂದು ಪುಸ್ತಕವಿರಲಿ.