ರಟ್ಟಿನ ತುಂಡಿಗೆ ಕೋಟಿ ಡಾಲರು

ಅಮೇರಿಕದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಹಳೆಯ ಕಾರ್ಡುಗಳಿಗೆ ಭಾರೀ ಬೆಲೆ ಬರುತ್ತದಂತೆ. ನಮ್ಮ ಮೊಮ್ಮಗ ತಾನೂ ಒಂದು ಪೆಟ್ಟಿಗೆ ತರಿಸುವೆನೆಂದು ತನ್ನ ಉಳಿತಾಯದ ಹಣ ಕೇಳುತ್ತಿದ್ದಾನೆ. ಕೊಡುವ ಮುನ್ನ ನಾವೂ ವಿಚಾರಿಸಿದೆವು.

1952ರಲ್ಲಿ ಟಾಪ್ಸ್ ಕಂಪನಿ ಅಚ್ಚು ಹಾಕಿದ ಮಿಕಿ ಮ್ಯಾಂಟಲ್ ಎಂಬಾತನ ಕಾರ್ಡೊಂದು 2022ರ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಮಾರಿದವರು ಅದನ್ನು 1991ರಲ್ಲಿ 50 ಸಾವಿರಕ್ಕೆ ಕೊಂಡಿದ್ದರು. ಚಕ್ರಬಡ್ಡಿ ಹಾಕಿ ನೋಡಿದೆವು, ವರ್ಷಕ್ಕೆ ಶೇ. 19ರ ಮೇಲೆ ಬಿತ್ತು. ಒಳ್ಳೆಯ ಬಡ್ಡಿಯೇ ಸರಿ, ಆದರೆ 31 ವರ್ಷ ಒಂದು ಪೈಸೆಯೂ ಕೈಗೆ ಬಾರದ ಬಡ್ಡಿ! ಮಾರಾಟವಾಗದೆ ಉಳಿದ ಆ ವರ್ಷದ ಕಾರ್ಡುಗಳನ್ನು ಕಂಪನಿಯವರೇ ಸಮುದ್ರಕ್ಕೆ ಸುರಿದಿದ್ದರಂತೆ.

ಹೋನಸ್ ವ್ಯಾಗ್ನರ್‌ನ ಕಾರ್ಡು ಇನ್ನೂ ಹಳೆಯದು. 1909ರ ಸುಮಾರಿಗೆ ಸಿಗರೇಟ್ ಪೊಟ್ಟಣದೊಳಗೆ ಇಡುತ್ತಿದ್ದುದು. ಮಕ್ಕಳು ತಂಬಾಕು ಕೊಂಡಾರೆಂದು ಆತ ತನ್ನ ಚಿತ್ರವೇ ಬೇಡವೆಂದನಂತೆ. ಹಣ ಸಾಲದೆ ಎನ್ನುವವರೂ ಇದ್ದಾರೆ. ನಮಗೆ ಮೊದಲನೆಯ ಮಾತೇ ಹಿತ. ಉಳಿದಿರುವುದು ಬೆರಳೆಣಿಕೆಯ ಕೆಲವು ಡಜನ್. ಅವುಗಳಲ್ಲಿ ಅತಿ ಹೆಸರಾದ ಒಂದರ ಅಂಚು ಕತ್ತರಿಸಿ ಹೊಸದರಂತೆ ಕಾಣಿಸಿದ್ದಾಗಿ ಅದನ್ನು ಮಾರಿದ ವ್ಯಾಪಾರಿಯೇ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ.

1980ರ ದಶಕದ ಕೊನೆಗೆ ಜನ ಕೂಡಿಡಲೆಂದೇ ಕೊಂಡರು, ಕಂಪನಿಗಳು ಲೆಕ್ಕವಿಲ್ಲದೆ ಅಚ್ಚು ಹಾಕಿದವು. ಅವುಗಳಲ್ಲಿ ಹೆಚ್ಚಿನವಕ್ಕೆ ಇಂದು ಕೊಟ್ಟ ದುಡ್ಡೂ ಹುಟ್ಟದು.

ಮೊಮ್ಮಗ ಆರಿಸಿದ ಪೆಟ್ಟಿಗೆಯ ಇಸವಿ ನೋಡಿದೆವು: 1990. ಹಣ ಸದ್ಯ ನಮ್ಮ ಗಲ್ಲಾಪೆಟ್ಟಿಗೆಯಲ್ಲೇ ಇದೆ.